ಪತಿಪದವಿ ಮೀಮಾಂಸೆ

ಹೆಣ್ಣು ಹೇಗೆ ಬದಲಾದಳು ಎಂಬುದರ ಮೇಲೆ ಬಂದ ಗ್ರಂಥಗಳಿಗೆ ಲೆಕ್ಕವಿಲ್ಲ. ಗಂಡು ಏನಾದ ಎಂಬ ಪ್ರಶ್ನೆಯನ್ನು ಮಾತ್ರ ವಿದ್ವಾಂಸರು ಜಾಣತನದಿಂದ ದಾಟಿಬಿಟ್ಟಿದ್ದಾರೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳನ್ನು ಪ್ರಮಾಣವಾಗಿಟ್ಟುಕೊಂಡು ಈ ಪ್ರಬಂಧ ಸ್ಥಾಪಿಸುವುದಿಷ್ಟು: ಗಂಡಸುತನವೆಂಬುದು ಈಗ ದೇಹಧರ್ಮವಲ್ಲ, ಪದನಿಮಿತ್ತ ಹುದ್ದೆ. ಅದರ ಹೆಸರು ‘ಅಧ್ಯಕ್ಷರ ಯಜಮಾನರು’, ಅಂದರೆ ಪಂಚಾಯ್ತಿ ಅಧ್ಯಕ್ಷೆಯ ಗಂಡ. ಕರ್ನಾಟಕದ 1983ರ ಕಾಯ್ದೆ ಪಂಚಾಯ್ತಿಗಳಲ್ಲಿ ಹೆಂಗಸರಿಗೆ ಶೇ 25 ಸ್ಥಾನ ಕೊಟ್ಟಿತು. 1987ರಲ್ಲಿ ಚುನಾವಣೆ ನಡೆಯಿತು. 2010ರಲ್ಲಿ ಮೀಸಲಾತಿ ಶೇ 50ಕ್ಕೇರಿತು. ಅಂದರೆ ಪತಿಹುದ್ದೆಗಳೂ ಕಾಲು ಶತಮಾನದೊಳಗೆ ದುಪ್ಪಟ್ಟಾದವು. ಯಾವ ನೇಮಕಾತಿ ಮಂಡಳಿಗೂ ಈ ಕೀರ್ತಿಯಿಲ್ಲ. 2013ರ ಆಹಾರ ಭದ್ರತಾ ಕಾಯ್ದೆ ರೇಷನ್ ಕಾರ್ಡಿನಲ್ಲಿ ಮನೆಯ ಹಿರಿಯ ಹೆಂಗಸನ್ನೇ ಮುಖ್ಯಸ್ಥೆ ಮಾಡಿತು. 2023ರಲ್ಲಿ ಗೃಹಲಕ್ಷ್ಮಿ ಯೋಜನೆಯ ತಿಂಗಳ ಎರಡು ಸಾವಿರವೂ ಆಕೆಯ ಖಾತೆಗೇ ಬಂತು. ಸ್ಮೃತಿಕಾರರು ಊಹಿಸದಿದ್ದ ಪಲ್ಲಟವನ್ನು ಆಹಾರ ಇಲಾಖೆ ಒಂದು ಪ್ರಿಂಟಿನಲ್ಲಿ ಮುಗಿಸಿತು.

ಪ್ರತ್ಯಕ್ಷ ಪ್ರಮಾಣ ಬೇಕಾದವರು ಬೆಳಿಗ್ಗೆ ಊರ ಡೈರಿಯ ಮುಂದೆ ನಿಲ್ಲಬಹುದು. ಕತ್ತಲಿರುವಾಗಲೇ ಎದ್ದು ಸಗಣಿ ಬಾಚಿ, ಮೇವು ಹಾಕಿ, ಹಾಲು ಕರೆದವಳು ಹೆಂಡತಿ. ಕ್ಯಾನನ್ನು ಬೈಕಿನ ಟ್ಯಾಂಕಿನ ಮೇಲಿಟ್ಟುಕೊಂಡು ಬಂದು, ಫ್ಯಾಟು ಕಮ್ಮಿ ಬಂತೆಂದು ಸೆಕ್ರೆಟರಿಯ ಮೇಲೆ ಹರಿಹಾಯುವವನು ಗಂಡ. ಪಾಸ್‌ಬುಕ್ಕಿನಲ್ಲಿ ಅವಳ ಹೆಸರು, ಜಗಳದಲ್ಲಿ ಇವನ ದನಿ. ಶ್ರಮವಿಭಜನೆಗೆ ಇದಕ್ಕಿಂತ ಶುದ್ಧ ಉದಾಹರಣೆ ಅರ್ಥಶಾಸ್ತ್ರದಲ್ಲೂ ಸಿಗದು. ನರಸಾಪುರದಲ್ಲಿ ಐಫೋನ್ ಜೋಡಿಸಿ ಕಂಪನಿ ಬಸ್ಸಿನಿಂದಿಳಿದ ಸೊಸೆಗಾಗಿ ಮನೆಯಲ್ಲಿ ಮುದ್ದೆಕೋಲು ಕಾದಿರುತ್ತದೆ. ಆ ಕೋಲು ಗಂಡಸಿನ ಕೈಗೆ ವರ್ಗಾವಣೆಯಾದ ಆದೇಶ ಇನ್ನೂ ಹೊರಬಿದ್ದಿಲ್ಲ.

ಇಲ್ಲೊಂದು ಪೂರ್ವಪಕ್ಷವಿದೆ: ಗಂಡುಹೆಣ್ಣಿನ ಗೆರೆ ನಮ್ಮಲ್ಲಿ ಮೊದಲೇ ತೆಳುವಾಗಿತ್ತಲ್ಲ, ಕರಗ ನೋಡಿಲ್ಲವೇ? ನಿಜ. ದ್ರೌಪದಿಯ ಕರಗದಲ್ಲಿ ಗಂಡಸು ಬಳೆ ತೊಟ್ಟು, ಹೆಣ್ಣುಡುಗೆಯುಟ್ಟು, ಕೈ ತಾಗಿಸದೆ ಕರಗ ಹೊತ್ತು ರಾತ್ರಿಯಿಡೀ ನಡೆಯುತ್ತಾನೆ. ವೀರಕುಮಾರರು ಕತ್ತಿ ಹಿಡಿದು ಕಾಯುತ್ತಾರೆ, ಜನ ಮಲ್ಲಿಗೆ ಸುರಿಯುತ್ತಾರೆ. ವರ್ಷವಿಡೀ ಹುಲ್ಲಿನ ಹೊರೆ ಹೊರುವವಳಿಗೆ ಕತ್ತಿಯ ಕಾವಲಿಲ್ಲ, ಮಲ್ಲಿಗೆಯಂತೂ ಇಲ್ಲವೇ ಇಲ್ಲ. ಆಕ್ಷೇಪ ನಮ್ಮ ಪಕ್ಷಕ್ಕೇ ಸಾಕ್ಷಿ ನುಡಿಯಿತು. (2021ರಲ್ಲಿ ರಾಜ್ಯ ಸರ್ಕಾರ ತೃತೀಯ ಲಿಂಗಿಗಳಿಗೆ ಸರ್ಕಾರಿ ನೌಕರಿಯಲ್ಲಿ ಶೇ 1 ಮೀಸಲಿಟ್ಟಿತು, ಕರಗಕ್ಕೆ ಕೈಮುಗಿದವರು ಅವರಿಗೆ ಬಾಡಿಗೆ ಮನೆ ಕೊಡುತ್ತಾರೆಯೇ ಎಂಬ ಪ್ರಶ್ನೆಗೆ ಇನ್ನೊಂದು ಸಂಪುಟವೇ ಬೇಕು.)

ಅಧಿಕಾರ, ಕಾರ್ಡು, ಹಣ ಎಲ್ಲ ಅವಳದಾದ ಮೇಲೆ ಪತಿಪದವಿಗೆ ಬಲವೆಲ್ಲಿಯದು ಎಂಬುದು ಕೊನೆಯ ಆಕ್ಷೇಪ. ಬಲ ಮಣ್ಣಿನಲ್ಲಿದೆ. ಹಿಂದೂ ಕುಟುಂಬದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲನ್ನು ಕೇಂದ್ರ ಕೊಟ್ಟದ್ದು 2005ರಲ್ಲಿ. ಕರ್ನಾಟಕದ ತಿದ್ದುಪಡಿ 1994ರಲ್ಲೇ ಜಾರಿಗೆ ಬಂದಿತ್ತು. ಅಷ್ಟೇ ಮುತುವರ್ಜಿಯಿಂದ ಅಣ್ಣತಮ್ಮಂದಿರು ಹಕ್ಕು ಬಿಡುಗಡೆ ಪತ್ರವನ್ನೂ ಒಂದು ಸೀರೆ, ಅರಿಶಿನ ಕುಂಕುಮವನ್ನೂ ಸಿದ್ಧವಿಟ್ಟರು. ಈ ಸಿದ್ಧಾಂತವನ್ನು ಒಪ್ಪದ ವಿದ್ವಾಂಸರು ವಾದಕ್ಕಿಳಿಯುವ ಮೊದಲು ನಾಡಕಚೇರಿಗೆ ಹೋಗಿ, ತಮ್ಮ ಜಮೀನಿನ ಪಹಣಿ ತೆಗೆಸಿ, 9ನೇ ಕಾಲಂನಲ್ಲಿ ಯಾರ ಹೆಸರಿದೆ ಎಂದು ಓದಿಕೊಂಡು ಬರತಕ್ಕದ್ದು.