ನಿಮ್ಮ ಹೆಸರಲ್ಲೊಂದು ಮೇಕೆ

ಡಿಸೆಂಬರ್ ಬಂತೆಂದರೆ ಇಂಗ್ಲೆಂಡು, ಅಮೆರಿಕಗಳಲ್ಲಿ ಅಂಗಡಿಯವರ ಜೊತೆ ಸೇವಾಸಂಸ್ಥೆಗಳೂ ಉಡುಗೊರೆಯ ವ್ಯಾಪಾರಕ್ಕೆ ಕೂರುತ್ತವೆ. ಆಕ್ಸ್‌ಫಾಮ್‌ ಎಂಬ ಸೇವಾಸಂಸ್ಥೆಯ ಮೇಕೆಯಂತೂ ಭಾರೀ ಫೇಮಸ್ಸು. ದುಡ್ಡು ನೀವು ಕಟ್ಟುತ್ತೀರಿ, ನೆರವು ದೂರದ ಬಡ ರೈತನಿಗೆ ತಲುಪುತ್ತದೆ, ಉಡುಗೊರೆಯೆಂದು ನಿಮ್ಮ ಭಾವಮೈದನ ಕೈಗೆ ಬರುವುದು ಮೇಕೆಯ ಚಿತ್ರವಿರುವ ಒಂದು ಕಾರ್ಡು. ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು ಅಂತಾರಲ್ಲ, ಇಲ್ಲಿ ಆ ತಾಪತ್ರಯವೇ ಇಲ್ಲ. ಎಣಿಸೋಣವೆಂದರೆ ಪ್ರಾಣಿ ಎಲ್ಲಿದೆ?

ಹಾಗಂತ ಇದನ್ನು ಬರೀ ಬೂಟಾಟಿಕೆ ಅನ್ನುವಂತಿಲ್ಲ. ಹೆಫರ್ ಇಂಟರ್‌ನ್ಯಾಷನಲ್ ಎಂಬ ಅಮೆರಿಕದ ಸಂಸ್ಥೆ 1944ರಲ್ಲಿ ಪೋರ್ಟೋರಿಕೋಗೆ ಹಡಗಿನಲ್ಲಿ ಕಳಿಸಿದ್ದು ನಿಜವಾದ 17 ಕಡಸುಗಳನ್ನು. ಕಡಸು ಪಡೆದವರು ಅದಕ್ಕೆ ಹುಟ್ಟುವ ಮೊದಲ ಹೆಣ್ಣು ಕರುವನ್ನು ಇನ್ನೊಂದು ಬಡ ಕುಟುಂಬಕ್ಕೆ ಕೊಡಬೇಕು ಅನ್ನುವುದು ಕರಾರು. ಇಸಕೊಂಡವನನ್ನೂ ದಾನಿಯಾಗಿಸುವ ಈ ಉಪಾಯಕ್ಕೆ ತಲೆದೂಗಲೇಬೇಕು. ಅದೇ ಸಂಸ್ಥೆಯ ಈಗಿನ ಉಡುಗೊರೆ ಕ್ಯಾಟಲಾಗಿನ ಪ್ರಾಣಿ ಮಾತ್ರ ಲೆಕ್ಕಕ್ಕಷ್ಟೆ. ಹಣ ಸಂಸ್ಥೆಯ ಒಟ್ಟು ಕೆಲಸಕ್ಕೆ ಹೋಗುತ್ತದೆ. ಹಾಗಾಗಿ ಕೊಟ್ಟ ಮೇಕೆಗೆ ಏನು ಹೆಸರಿಟ್ಟರು ಅಂತ ಮಾತ್ರ ವಿಚಾರಿಸಬೇಡಿ.

ತೊಡಕಿರುವುದು ದಾನದಲ್ಲಲ್ಲ, ಅದನ್ನು ಉಡುಗೊರೆ ಅಂತ ಕರೆಯುವುದರಲ್ಲಿ. ಅಮೆರಿಕದ ಟೀವಿಯ ‘ಸೈನ್‌ಫೆಲ್ಡ್’ ಹಾಸ್ಯ ಧಾರಾವಾಹಿಯ 1997ರ ಒಂದು ಕಂತಿನಲ್ಲಿ ಜಿಪುಣ ಜಾರ್ಜ್, ಇಲ್ಲದ ‘ಹ್ಯೂಮನ್ ಫಂಡ್’ ಹೆಸರಲ್ಲಿ ಕಾರ್ಡು ಅಚ್ಚು ಹಾಕಿಸಿ, “ನಿಮ್ಮ ಹೆಸರಲ್ಲಿ ದೇಣಿಗೆ ಕೊಟ್ಟಿದ್ದೇನೆ” ಅಂತ ಆಫೀಸಿನವರಿಗೆಲ್ಲ ಹಂಚಿಬಿಡುತ್ತಾನೆ. ಪಾಪ, ನಂಬಿದ ಬಾಸು ಆ ಫಂಡಿಗೆ 20,000 ಡಾಲರಿನ ಚೆಕ್ಕನ್ನೇ ಬರೆದುಕೊಟ್ಟು ಜಾರ್ಜನನ್ನು ಪೇಚಿಗೆ ಸಿಕ್ಕಿಸುತ್ತಾನೆ. ಜನ ಅಷ್ಟು ನಕ್ಕಿದ್ದು ಯಾಕೆ? ಅಂಥ ಕಾರ್ಡು ಕೈಗೆ ಬಂದಾಗ ಮುಖದ ಮೇಲೆ ಅಂಟಿಸಿಕೊಳ್ಳಬೇಕಾದ ನಗು ಎಲ್ಲರಿಗೂ ಗೊತ್ತು. ಬೇಜಾರು ತೋರಿಸಿದರೆ ನೀವು ಬಡವರ ವೈರಿ!

ಅದರ ಮೇಲೆ ತೆರಿಗೆಯ ಚಮತ್ಕಾರ ಬೇರೆ. ಅಮೆರಿಕದಲ್ಲಿ ವಿನಾಯಿತಿ ಸಿಕ್ಕರೆ ಅದು ಹಣ ಕಟ್ಟಿದವರಿಗೆ. ನಮ್ಮ ದೇಶದ ದೇಣಿಗೆ ರಸೀದಿಯೂ ಅಷ್ಟೆ. ಅಂದರೆ ನಾನು ನಿಮಗೆ ಮೇಕೆ ಕೊಟ್ಟರೆ ಕಾರ್ಡಿನ ಮೇಲೆ ನಿಮ್ಮ ಹೆಸರು, ರಸೀದಿಯ ಮೇಲೆ ನನ್ನ ಹೆಸರು. ನೀವು ಥ್ಯಾಂಕ್ಸ್ ಬೇರೆ ಹೇಳಬೇಕು.

ಇಂಥ ಉಡುಗೊರೆಗೂ ಒಂದು ರೀತಿನೀತಿ ಬೇಡವೇ? ಮೊದಲನೆಯದು, ಸೈಕಲ್ಲಿಗಾಗಿ ಕಾದು ಕೂತ ಎಂಟು ವರ್ಷದ ಮಗುವಿಗೆ ಸೊಳ್ಳೆಪರದೆ ದಾನದ ಪತ್ರ ಹಿಡಿಸಬಾರದು. ಆ ಮಗು ಜನ್ಮದಲ್ಲಿ ಸೊಳ್ಳೆಯನ್ನೂ ಕ್ಷಮಿಸುವುದಿಲ್ಲ, ನಿಮ್ಮನ್ನೂ. ಎರಡನೆಯದು, ದಾನ ಸೇರುವ ಜಾಗ ಪಡೆಯುವವರ ಮನಸ್ಸಿಗೆ ಹಿಡಿಸಬೇಕು. ಬೇಟೆಯ ಹುಚ್ಚಿರುವ ಮಾವನ ಹೆಸರಲ್ಲಿ ಪ್ರಾಣಿದಯಾ ಸಂಘಕ್ಕೆ ಹಣ ಕಟ್ಟಿದರೆ ಅದು ಉಡುಗೊರೆಯಲ್ಲ, ಉಪದೇಶ. ಮೂರನೆಯದು, ನಿಮಗೆ ಯಾರಾದರೂ ಉಣ್ಣೆಯ ಸ್ವೆಟರ್ ಕೊಟ್ಟಾಗ ನೀವು ಮೇಕೆ ಕಾರ್ಡು ತೆಗೆಯಬೇಡಿ. ಸ್ವೆಟರ್ ಕೊಟ್ಟವರೇ ಕೀಳಾದ ಹಾಗಾಗುತ್ತದೆ.

“ನನಗೇನೂ ಬೇಡ, ಅದೇ ದುಡ್ಡು ಇಂಥ ಕಡೆ ಕೊಡಿ” ಅಂತ ಪಡೆಯುವವರೇ ಬಾಯಿಬಿಟ್ಟು ಹೇಳಿದರೆ ಮಾತೇ ಬೇರೆ. ಆಗ ಕಣ್ಣುಮುಚ್ಚಿ ಕೊಡಿ. ಹೇಳದಿದ್ದವರಿಗೂ ಕೊಡಲೇಬೇಕೆಂಬ ಹಟವಿದ್ದರೆ ಕಾರ್ಡಿನ ಜೊತೆ ಒಂದು ಚಾಕೊಲೇಟ್ ಡಬ್ಬಿಯನ್ನೂ ಇಡಿ. ಬಾಯಿ ಸಿಹಿಯಾಗಿದ್ದಾಗ ಪರೋಪಕಾರದ ಮಾತು ಎಂಥವರಿಗೂ ರುಚಿಸುತ್ತದೆ.