ಮಾವನ ಚೆಕಿಂಗು

ಮದುವೆ ಗೊತ್ತಾದ ಮನೆಗೆ ಬೀಗರಿಗಿಂತ ಮೊದಲು ಬಂದು ಕೂರುವವರು ಈ ಮಾವ. ಎಲ್ಲರ ಬಳಗದಲ್ಲೂ ಇಂಥವರು ಒಬ್ಬರಿರುತ್ತಾರೆ. ರಿಟೈರಾಗಿರುತ್ತಾರೆ, ಅಕೌಂಟ್ಸ್ ಸೆಕ್ಷನ್ನಿನಿಂದ ಆಗಿದ್ದರಂತೂ ಕೇಳುವುದೇ ಬೇಡ. ಕಂಕುಳಲ್ಲಿ ರೆಕ್ಸಿನ್ ಬ್ಯಾಗು, ಅದರೊಳಗೆ ಯಾವುದೋ ಬ್ಯಾಂಕಿನ ಹಳೇ ಡೈರಿ. "ಛತ್ರ, ಅಡುಗೆ, ಹೂವು, ಓಲಗ, ಫೋಟೋ ಎಲ್ಲ ನನಗೆ ಬಿಡು. ಈ ಕಾಲದಲ್ಲಿ ಯಾರನ್ನೂ ನಂಬೋ ಹಾಗಿಲ್ಲ" ಎನ್ನುತ್ತಲೇ ಎರಡನೇ ಕಾಫಿಗೆ ಲೋಟ ಚಾಚುತ್ತಾರೆ.

ಹುಡುಗಿ ಮೊಬೈಲು ತೆಗೆದು, ಈ ಕೇಟರಿಂಗ್‌ನವರಿಗೆ ನಾಲ್ಕೂವರೆ ಸ್ಟಾರ್ ಇದೆ ಮಾವ ಎಂದರೆ, "ನಕ್ಷತ್ರ ಜಾತಕದಲ್ಲಿ ನೋಡೋದಮ್ಮ, ಸಾರಲ್ಲಲ್ಲ" ಎಂದು ಬಾಯಿ ಮುಚ್ಚಿಸುತ್ತಾರೆ.

ಅಡುಗೆಯವರ ಪರೀಕ್ಷೆಗೆ ಅವರದೇ ಶಾಸ್ತ್ರವಿದೆ. ಇಂಥ ದಿನ ಇಂಥ ಛತ್ರದಲ್ಲಿ ನಮ್ಮದೇ ಅಡುಗೆ, ಬಂದು ರುಚಿ ನೋಡಿ ಎಂದು ಕಂಟ್ರಾಕ್ಟರು ಕರೆಯುವುದು ವಾಡಿಕೆ. ಮಾವ ಹೋಗುತ್ತಾರೆ, ಉಣ್ಣುತ್ತಾರೆ, ಆದರೆ ನಂಬುವುದಿಲ್ಲ. ಹೇಳಿ ಹೋದರೆ ಎಚ್ಚರವಾಗಿ ಬಡಿಸುತ್ತಾರಂತೆ. ಆದ್ದರಿಂದ ಹೇಳದೆ ಇನ್ನೊಂದು ಮದುವೆಗೆ ಹೋಗುತ್ತಾರೆ. ಗಂಡಿನವರು ಹೆಣ್ಣಿನ ಕಡೆಯವರೆಂದುಕೊಳ್ಳುತ್ತಾರೆ, ಹೆಣ್ಣಿನವರು ಗಂಡಿನ ಕಡೆಯವರೆಂದು ಇನ್ನೊಂದು ಹೋಳಿಗೆ ಹಾಕಿಸುತ್ತಾರೆ. ಕಂಡು ಕೇಳದ ಎಷ್ಟೋ ದಂಪತಿಗಳ ಆಲ್ಬಮ್ಮಿನಲ್ಲಿ ನಮ್ಮ ಮಾವ ಅಕ್ಷತೆ ಹಾಕುತ್ತ ನಿಂತಿದ್ದಾರೆ. "ಹೋಳಿಗೆ ಯಾರು ಬೇಕಾದರೂ ಮಾಡ್ತಾರೆ. ಮೊದಲನೇ ಪಂಕ್ತಿ ಸಾರು ಭಟ್ಟರದು, ಮೂರನೇ ಪಂಕ್ತಿ ಸಾರು ನಲ್ಲಿಯದು" ಎಂಬುದು ಅವರ ಸಿದ್ಧಾಂತ. ಹಾಗಾಗಿ ಮೊದಲನೆಯದರಲ್ಲೂ ಕೂರಬೇಕು, ಕೊನೆಯದರಲ್ಲೂ ಕೂರಬೇಕು.

ಛತ್ರಕ್ಕೆ ಹೋದರೆ ಮಂಟಪದ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ನೆಟ್ಟಗೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸುತ್ತಾರೆ. ಜನರೇಟರ್ ಡೀಸೆಲ್ ಯಾರ ಲೆಕ್ಕ, ಕ್ಲೀನಿಂಗಿಗೆ ಬೇರೆ ಕೊಡಬೇಕೇ, ಕರೆಂಟು ಮೀಟರಿನ ರೀಡಿಂಗನ್ನು ಯಾರ ಎದುರಿಗೆ ಬರೆದುಕೊಳ್ಳುತ್ತೀರಿ? ಬಾಡಿಗೆ ಎನ್ನುವುದು ಛತ್ರದ ಖರ್ಚಿಗೆ ಬರೀ ಪೀಠಿಕೆ ಎಂದು ಅವರಿಗೆ ಗೊತ್ತು. ಆಷಾಢದಲ್ಲಿ ಮದುವೆಗಳಿಲ್ಲದೆ ಮ್ಯಾನೇಜರು ನೊಣ ಹೊಡೆಯುತ್ತಿರುವಾಗ ಹೋಗಿ ಕೂತರೆ ಅವನ ದನಿಯೂ ಇಳಿಯುತ್ತದೆ, ರೇಟೂ ಇಳಿಯುತ್ತದೆ. ಫೋಟೋದವನು ಹರವಿದ ಆಲ್ಬಮ್ಮನ್ನು ಮುಟ್ಟದೆ, "ಮುಹೂರ್ತದ ದಿನ ನೀನೇ ಬರ್ತೀಯೋ, ಹುಡುಗನ್ನ ಕಳಿಸ್ತೀಯೋ?" ಎಂದು ಒಂದೇ ಪ್ರಶ್ನೆ ಹಾಕುತ್ತಾರೆ. ಮದುವೆ ಶ್ರಾವಣದಲ್ಲಿದ್ದರೆ ಹೂವಿನವನ ಹತ್ತಿರ ಹೂವಿನ ಜಾತಿಯನ್ನೂ ಬರೆಸಿಕೊಳ್ಳುತ್ತಾರೆ, ವರಮಹಾಲಕ್ಷ್ಮಿಗೆ ಕೆ.ಆರ್. ಮಾರ್ಕೆಟ್ಟಿನಲ್ಲಿ ರೇಟು ಏರಿದ ಮೇಲೆ ಮಂಟಪದ ಮಲ್ಲಿಗೆ ಪ್ಲಾಸ್ಟಿಕ್ಕಾಗಿಬಿಡಬಹುದಲ್ಲ. ಓಲಗದವರಿಗೆ ಮಾತ್ರ ಪರೀಕ್ಷೆಯಿಲ್ಲ. ಮಾವನಿಗೆ ರಾಗ ತಿಳಿಯದು.

ಪ್ರಶ್ನೆಗಳೆಲ್ಲ ಸರಿಯಾದವೇ, ನಗುವ ನಾವು ಅವನ್ನು ಕೇಳುವುದಿಲ್ಲ ಅಷ್ಟೆ. ಚೋದ್ಯವೆಂದರೆ, ಇಷ್ಟೆಲ್ಲ ಸೋಸಿದ ಮೇಲೆ ಅವರು ಗೊತ್ತು ಮಾಡುವುದು ತಮ್ಮ ಹಳೇ ಭಟ್ಟರನ್ನೇ. ಕಳೆದ ಮದುವೆಯಲ್ಲಿ ಹುಳಿಗೆ ಉಪ್ಪು ಹೆಚ್ಚು ಮಾಡಿದ್ದರಲ್ಲ, ಅದೇ ಭಟ್ಟರು. ಯಾಕೆ ಮಾವ ಎಂದರೆ, "ಅವತ್ತು ಅಷ್ಟು ಬೈದೆ. ಅಡ್ವಾನ್ಸ್ ಎತ್ತಿಕೊಂಡು ಓಡಿ ಹೋದನಾ? ಫೋನ್ ಆಫ್ ಮಾಡಿದನಾ? ನಿಂತು ಬೈಸಿಕೊಂಡ. ಅವನನ್ನ ನಂಬಬಹುದು."

ಮದುವೆಯ ಮಧ್ಯಾಹ್ನ ಎಲ್ಲರೂ ಎಲೆಅಡಿಕೆ ಹಾಕಿಕೊಂಡು ಒರಗಿದ ಮೇಲೆ ಇಬ್ಬರೂ ಉಗ್ರಾಣದಲ್ಲಿ ಎಲೆಯ ಲೆಕ್ಕಕ್ಕೆ ಕೂರುತ್ತಾರೆ. ಎಲೆಗಿಷ್ಟು ಎಂದು ಕಂಟ್ರಾಕ್ಟು. ಭಟ್ಟರ ಲೆಕ್ಕ 412, ಪಂಕ್ತಿ ಪಂಕ್ತಿಯಲ್ಲೂ ತಲೆ ಎಣಿಸಿ ಡೈರಿಯಲ್ಲಿ ಗುರುತು ಹಾಕಿಕೊಂಡ ಮಾವನ ಲೆಕ್ಕ 409. ದನಿ ಏರುತ್ತದೆ. ಛತ್ರದ ಬೆಕ್ಕೂ ಎದ್ದು ಹೋಗುತ್ತದೆ.

"ಸ್ವಾಮಿ, ಎಣಿಸೋವಾಗ ನಿಮ್ಮನ್ನ ನೀವು ಬಿಟ್ಟಿದೀರಿ" ಎಂದರು ಭಟ್ಟರು, ಹೆಗಲ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ. "ಮೊದಲನೇ ಪಂಕ್ತೀಲಿ ಒಂದು, ಎರಡನೇದರಲ್ಲಿ ಒಂದು, ಕೊನೇದರಲ್ಲಿ ಒಂದು."

ಮಾವ ಡೈರಿ ಮುಚ್ಚಿದರು. "ಭಟ್ರೇ, ಅದು ಊಟ ಅಲ್ಲ, ಚೆಕಿಂಗು. ಚೆಕಿಂಗ್ ಎಲೆಗೆ ಯಾರಾದ್ರೂ ದುಡ್ಡು ಹಾಕ್ತಾರಾ?"

ಭಟ್ಟರು ಮೂರು ಎಲೆ ಹೊಡೆದುಹಾಕಿದರು. ನಾಡಿದ್ದಿನ ಬೀಗರ ಔತಣಕ್ಕೆ ರೇಟು ಹೇಳುವಾಗ ಅವನ್ನು ಸೇರಿಸಿಕೊಂಡರು.