ಚಪ್ಪಲಿ ಗೂಡಿನ ಬಾಬಣ್ಣ

ಹಾಲೆಂಡಿನ ಡೀಮೆನ್‌ನ ಒಂದು ಕನ್ನಡದ ಮನೆ. ಬೆಳಿಗ್ಗೆ ಸತ್ಯನಾರಾಯಣ ಪೂಜೆ ಆಗಿದೆ. ಸಂಜೆಯ ತೀರ್ಥ ಬೇರೆ ಥರದ್ದು. ಗದ್ದಲ ತಪ್ಪಿಸಿಕೊಂಡು ಬಾಗಿಲ ಹತ್ತಿರ ಬಂದರೆ, ಚಪ್ಪಲಿ ಗೂಡಿನ ಮೇಲಿನ ಮೊಳೆಯಲ್ಲಿ ಹಳದಿ ಕೀಚೈನ್ 'ಬಾಬ್' ನೇತಾಡುತ್ತಿತ್ತು. ಮನೆಯವರ ಬಾಯಲ್ಲಿ ಬಾಬಣ್ಣ. ಅವನನ್ನೇ ಮಾತಿಗೆಳೆದೆ.

ನಿಮ್ಮ ಮೂಲ?

ಬೆಲ್ಜಿಯಂ, 1995. ಹಾಲೆಂಡಿಗೆ ಬಂದದ್ದು 2001ರಲ್ಲಿ. ಗುಂಪಿನಲ್ಲಿ ಒಬ್ಬ ಹನಿ ಮುಟ್ಟದೆ ಉಳಿದವರನ್ನು ಮನೆ ಮುಟ್ಟಿಸಬೇಕು, ಅವನೇ ಬಾಬ್. 'ಬೇಕೆಂದೇ ಕುಡಿಯದ ಚಾಲಕ' ಅಂತ ಹೆಸರಿನ ಮೂರಕ್ಷರಕ್ಕೆ (BOB) ಡಚ್ಚರು ಆಮೇಲೆ ಅರ್ಥ ಕೂರಿಸಿದರು. ಮದುವೆ ಮುಗಿದ ಮೇಲೆ ಜಾತಕ ಹೊಂದಿಸಿದ ಹಾಗೆ.

ಇವತ್ತಿನ ಬಾಬ್ ಯಾರು?

ನಿಮ್ಮವರಲ್ಲಿ ಅದು ತಾಳಿ ಕಟ್ಟಿದ ದಿನವೇ ತೀರ್ಮಾನ ಆಗಿರುತ್ತೆ. ಹೆಂಡ್ತಿ! ಯಾರೂ ಕೇಳೋದೂ ಇಲ್ಲ. ಇವತ್ತು ಒಬ್ಬರಿಗೆ ಇನ್ನೂ ಡಚ್ ಲೈಸೆನ್ಸೇ ಆಗಿಲ್ಲ. ಗಂಡನಿಗೆ ಅದು ನೆನಪಾದದ್ದು ಮೂರನೇ ಪೆಗ್ಗಿಗೆ.

ಕರೆದವರು ಏನು ಮಾಡಬೇಕು?

ಮೊದಲು ಉಪಚಾರ ನಿಲ್ಲಿಸಬೇಕು. 'ನಮ್ಮನೇಲಿ ಇಷ್ಟೇನಾ? ಇನ್ನೊಂದು ಹಾಕ್ಕೊಳಿ, ನನ್ನಾಣೆ!' ಹೋಳಿಗೆ ಬಡಿಸೋ ಕೈಯಲ್ಲೇ ವಿಸ್ಕಿನೂ ಬಡಿಸ್ತಾರೆ ಸ್ವಾಮಿ. ಹೋಳಿಗೆಗೆ ಬಲವಂತ ಮಾಡಲಿ, ಮೇಲೆ ತುಪ್ಪ ಸುರೀಲಿ, ನನ್ನ ತಕರಾರಿಲ್ಲ. ಬಾಟ್ಲಿ ಕೇಳಿದವರಿಗಷ್ಟೇ. ಊಟ ಹನ್ನೊಂದಕ್ಕಲ್ಲ, ಎಂಟಕ್ಕೇ ಹಾಕಲಿ. ಕುಡಿಯದವನ ಕೈಗೆ ನಲ್ಲಿ ನೀರು ಕೊಟ್ಟು ಮಕ್ಕಳ ಜೊತೆ ಕೂರಿಸಿದರೆ ಮುಂದಿನ ಸಲ ಯಾರು ಬಾಬ್ ಆಗ್ತಾರೆ? ಒಗ್ಗರಣೆ ಮಜ್ಜಿಗೆನಾದರೂ ಕೊಡಿ. ಇನ್ನೊಂದು: ಬಾಗಿಲಲ್ಲಿ ಶೂ ಬಿಚ್ಚಿಸ್ತೀರಲ್ಲ, ಆಗಲೇ ಕಾರಿನ ಕೀನೂ ಇಸ್ಕೊಳ್ಳಿ. ಬರುವಾಗ ನಗ್ತಾ ಕೊಡ್ತಾರೆ. ಹೊರಡುವಾಗ ಕೇಳಿದರೆ ಜಗಳ.

ಸ್ಟ್ರಾಂಗ್ ಫಿಲ್ಟರ್ ಕಾಫಿ ಕೊಟ್ಟು ಕಳಿಸಿದರೆ?

ನಿದ್ದೆ ಹೋಗುತ್ತೆ, ನಿಶೆ ಹೋಗಲ್ಲ. ಅಳತೆಯ ಒಂದು ಗ್ಲಾಸ್ ಇಳಿಯೋಕೆ ಒಂದರಿಂದ ಒಂದೂವರೆ ಗಂಟೆ ಬೇಕು. ಇವರ ಪಟಿಯಾಲ ಪೆಗ್ಗಿಗೆ ಅದರ ಮೂರ್ನಾಲ್ಕರಷ್ಟು. ಚಿಕ್ಕಮಗಳೂರಿನ ತೋಟವನ್ನೇ ಡಿಕಾಕ್ಷನ್ ಇಳಿಸಿ ಕುಡಿಸಿದರೂ ಲಿವರ್ ಅವಸರ ಮಾಡಲ್ಲ.

ಇಲ್ಲಿನ ಕಾನೂನು ಬಹಳ ಬಿಗಿಯಂತೆ?

ಲೀಟರ್ ರಕ್ತಕ್ಕೆ 0.5 ಗ್ರಾಂ, ಲೈಸೆನ್ಸ್ ಸಿಕ್ಕಿ ಐದು ವರ್ಷ ಆಗದವರಿಗೆ 0.2. ನಿಮ್ಮ ಬೆಂಗಳೂರಲ್ಲಿ 0.3. ಕಾಗದದ ಮೇಲೆ ನೀವೇ ಬಿಗಿ. ಆದರೆ ಅಲ್ಲಿ ಯಾವ ಸರ್ಕಲ್ಲಿನಲ್ಲಿ ಊದಿಸ್ತಿದ್ದಾರೆ ಅಂತ ಪಾರ್ಟಿ ಕೊಟ್ಟವರೇ ವಾಟ್ಸಾಪ್ ಮಾಡ್ತಾರಂತೆ. ಅದೂ ಉಪಚಾರವೇ.

ಸರಿ, ಬರ್ತೀನಿ. ನನ್ನ ಕೀ…

ನಿಮಗೆ ಮೂರಾಗಿದೆ. ಎಣಿಸಿದ್ದೀನಿ.

ಹಾಗಾದ್ರೆ ಇವರ ಸೈಕಲ್ ತಗೊಂಡು ಹೋಗ್ತೀನಿ.

ಸೈಕಲ್‌ಗೂ ಅದೇ 0.5. ಬಾಟ್ಲಿ ಮೇಲಿನ ಜಾನಿ ವಾಕರ್‌ನ ನೋಡಿ, ಅವನೇ ಟೋಪಿ ಹಾಕ್ಕೊಂಡು ನಡ್ಕೊಂಡು ಹೋಗ್ತಿದ್ದಾನೆ. ಸ್ನೀಪ್ ನಿಲ್ದಾಣದಿಂದ 19ನೇ ಟ್ರಾಮ್ ಹೊರಡುತ್ತೆ. ಅದೂ ತಪ್ಪಿತೋ, ಸೋಫಾ ಇದೆ. ಊರಿಂದ ಬಂದಿರೋ ಅಜ್ಜಿ ಆಗಲೇ ರಗ್ಗು ತೆಗೆದಿಟ್ಟಿದ್ದಾರೆ.

(ಒಳಗಿನಿಂದ ಅಜ್ಜಿಯ ದನಿ: "ಯಾರಪ್ಪ ಅದು, ಚಪ್ಪಲಿ ಜೊತೆ ಮಾತಾಡ್ತಿರೋದು? ಅವನಿಗೊಂದು ದಿಂಬೂ ಕೊಡ್ರೋ.")